ಪದಸೂಚಿಯಲ್ಲಿ ಉಳಿದ ನಂದಗಡ

ಹಂಸಿನಿ ಪುಸ್ತಕಗಳನ್ನು ಹಿಂದಿನಿಂದ ಓದುವವಳು. ಮೊದಲು ಪದಸೂಚಿ, ಆಮೇಲೆ ಮಿಕ್ಕಿದ್ದು. ಈ ಚಾಳಿ ಹತ್ತಿಸಿದವರು ಅಶ್ವತ್ಥನಾರಾಯಣ ಸರ್. ಪ್ರಿನ್ಸ್‌ಟನ್ನಿನ ತಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಹನ್ನೊಂದು ವರ್ಷದಿಂದ ನಡೆಸುತ್ತ ಬಂದ ಓದುಕೂಟದಲ್ಲಿ ಅವರು ಹೇಳುತ್ತಿದ್ದರು: "ಮುನ್ನುಡಿಯಲ್ಲಿ ಲೇಖಕ ಮೀಸೆ ತಿರುವ್ತಾನೆ ಕಣಮ್ಮಾ, ಪದಸೂಚಿಯಲ್ಲಿ ಸಿಕ್ಕಿಬೀಳ್ತಾನೆ."

ಆ ಶನಿವಾರ ಸಿಕ್ಕಿಬಿದ್ದವರು ಸರ್ ಅವರೇ.

ಜೀವಮಾನವೆಲ್ಲ ಗಣಿತ ಕಲಿಸಿದ ಆ ಮೈಸೂರಿನ ಮನುಷ್ಯ ಬರೆದದ್ದು ಒಂದೇ ಪುಸ್ತಕ. ಬ್ರಿಟನ್ನಿನ ಪ್ರಧಾನಿಗಳ ಚರಿತ್ರೆ. ವಾಲ್‌ಪೋಲನಿಂದ ಹಿಡಿದು ಈಗ ಕುರ್ಚಿಯಲ್ಲಿರುವ ಬೆಂಗಳೂರಿನ ಅಳಿಯನವರೆಗೆ ಐವತ್ತೇಳು ಮಂದಿ. ಪಕ್ಷದಿಂದ ಯಾರು ಟೋರಿ, ಯಾರು ವಿಗ್, ಯಾರು ಲಿಬರಲ್, ಯಾರು ಲೇಬರ್, ಯಾರನ್ನು ಯಾರು ಬೀಳಿಸಿದರು, ಎಲ್ಲ. ಬೆಂಗಳೂರಿನಿಂದ ಪ್ರತಿಗಳ ಪೆಟ್ಟಿಗೆ ಬಂದಿಳಿದಿತ್ತು. ಮರುದಿನ ಐಸೆಲಿನ್‌ನಲ್ಲಿ ಕನ್ನಡ ಸಂಘದ ರಾಜ್ಯೋತ್ಸವ, ಅಲ್ಲೇ ಬಿಡುಗಡೆ. ಪುಸ್ತಕದ ಪರಿಚಯ ಮಾಡಬೇಕಾದವಳು ಹಂಸಿನಿ. ಬೈಲಹೊಂಗಲದ ನೇಕಾರನ ಮಗಳು, ಈ ದೇಶಕ್ಕೆ ಬಂದ ಹೊಸತರಲ್ಲಿ ಆಫೀಸಿನಲ್ಲಿ ಬಾಯಿ ಬಿಡಲು ಹೆದರುತ್ತಿದ್ದವಳು. ಅವಳನ್ನು ಎದುರಿಗೆ ಕೂರಿಸಿಕೊಂಡು, "ನಿನಗೆ ಹೌದು ಅನ್ನಿಸದಿದ್ದರೆ ಜಗಳ ಆಡು" ಎಂದ ಮೊದಲ ಹಿರಿಯರು ಇವರು. ಅವರ ಪುಸ್ತಕಕ್ಕೆ ತಾನು ಮಾತಾಡುವುದೆಂದರೆ ಅವಳಿಗೆ ತೌರಿನ ಕೆಲಸವಿದ್ದಂತೆ.

ಕೃಷ್ಣಮ್ಮ, ಸರ್ ಅವರ ಹೆಂಡತಿ, ಹೂವು ತರಲೆಂದು ನಮ್ಮವರ ಅಂಗಡಿಗಳಿರುವ ಓಕ್ ಟ್ರೀ ರೋಡಿಗೆ ಹೋಗಿದ್ದರು. ಸರ್ ಕಾಫಿ ಬಿಟ್ಟು ಎಷ್ಟೋ ಕಾಲವಾಗಿತ್ತು. ಅರ್ಲ್ ಗ್ರೇ ಚಹಾದ ಪುಟ್ಟ ಚೀಲ ಬಿಸಿನೀರಿನಲ್ಲಿ ಅದ್ದುತ್ತಾ ಕೂತಿದ್ದರು. ಹಂಸಿನಿ ಹೊಸ ಪ್ರತಿಯ ಹಿಂಭಾಗ ತೆರೆದಳು. 'ನ' ಅಕ್ಷರದಡಿ ಬೆರಳು ನಿಂತಿತು. "ನಂದಗಡ, ೧೧೨–೧೧೬." 'ರ' ಅಕ್ಷರದಲ್ಲಿ "ರಾಯಣ್ಣ, ಸಂಗೊಳ್ಳಿ, ೧೧೩." ಎದೆ ತುಂಬಿ ಬಂತು. ತನ್ನ ಸೀಮೆಯ ಹೆಸರು ಲಂಡನ್ನಿನ ಪ್ರಧಾನಿಗಳ ಸಾಲಿನಲ್ಲಿ!

ನೂರಹನ್ನೆರಡಕ್ಕೆ ಹಾರಿದಳು. ಅಲ್ಲಿ ಪ್ರಧಾನಿ ಅರ್ಲ್ ಗ್ರೇ, ಸರ್ ಕುಡಿಯುವ ಚಹಾಕ್ಕೆ ಹೆಸರು ಕೊಟ್ಟವನು, ಮತದಾನದ ಸುಧಾರಣೆಯ ಮಸೂದೆ ಮಂಡಿಸಲು ಹೊರಟಿದ್ದ. ನೂರಹದಿಮೂರರಲ್ಲಿ ಮಸೂದೆಗೆ ಪ್ರಭುಗಳ ಸಭೆಯ ವಿರೋಧ. ಹದಿನಾಲ್ಕು, ಹದಿನೈದು, ಹದಿನಾರು: ಮಸೂದೆ, ಮಸೂದೆ, ಮಸೂದೆ. ಹಿಂದೆ ಮುಂದೆ ಮಗುಚಿದಳು. ಬೈಂಡಿಂಗಿನವರು ಹಾಳೆ ಬಿಟ್ಟಿದ್ದಾರೆಯೇ? ಇಲ್ಲ, ಅಂಕಿಗಳು ಒಂದರ ಹಿಂದೊಂದು ಸರಿಯಾಗಿದ್ದವು.

"ಸರ, ನಂದಗಡ ಎಲ್ಲಿ ಹೋತ್ರಿ?"

ಸರ್ ಕೈಯಲ್ಲಿದ್ದ ಚಹಾದ ಚೀಲ ಕಪ್ಪಿನ ಮೇಲೆಯೇ ತೂಗಾಡುತ್ತ ನಿಂತಿತು.

"ಪದಸೂಚಿ ಬೆಂಗಳೂರಿನ ಪ್ರೆಸ್ಸಿನವರು ಹಳೆಯ ಕರಡಿನಿಂದ ಮಾಡಿಟ್ಟಿದ್ದರು," ಎಂದರು ಕೊನೆಗೆ. "ಅದನ್ನ ತಿದ್ದೋದು ಮರೆತೆ."

"ಅಂದ್ರ, ಬರೆದಿದ್ರಿ?"

"ಐದು ಪುಟ. ಆಮೇಲೆ ತೆಗೆದೆ. ಮಸೂದೆಯ ಭಾಗವನ್ನ ಐದು ಪುಟ ಹಿಗ್ಗಿಸಿ ಕಳಿಸಿದೆ."

ಹಂಸಿನಿಗೆ ತಲೆಯ ಮೇಲೆ ತಣ್ಣೀರು ಸುರಿದಂತಾಯಿತು. ಮರೆತಿದ್ದರೆ ಕ್ಷಮಿಸಬಹುದಿತ್ತು. ಗೊತ್ತಿಲ್ಲದಿದ್ದರೆ ಜಗಳವಾಡಿ ಬರೆಸಬಹುದಿತ್ತು. ಬರೆದವರೇ, ಬರೆದ ಕೈಯಿಂದಲೇ ಕಿತ್ತು, ಕಿತ್ತ ಜಾಗಕ್ಕೆ ಮಣ್ಣು ಮುಚ್ಚಿ ಹೂವಿನ ಗಿಡ ನೆಟ್ಟಿದ್ದರು.

"ಯಾರು ತೆಗೀರಿ ಅಂದ್ರು? ಸಂಘದವರಾ? ಅಧ್ಯಕ್ಷ ಜಗದೀಶ್ ಸರ್?"

"ಯಾರೂ ಹೇಳಲಿಲ್ಲ."

"ಯಾರೂ?"

"ಯಾರೂ ಹೇಳಲಿಲ್ಲ ಕಣಮ್ಮಾ." ಅವರ ದನಿ ಇಳಿಯಿತು. "ನೋಡು, ರಾಯಣ್ಣನ್ನ ಹಿಡಿದಾಗ ಟೋರಿ ಸರ್ಕಾರ. ಅಷ್ಟು ಬರೆಯೋದು ಸುಲಭ. ಆದರೆ ನಂದಗಡದಲ್ಲಿ ನೇಣಿಗೆ ಹಾಕಿದ್ದು ಸಾವಿರದ ಎಂಟುನೂರ ಮೂವತ್ತೊಂದರ ಜನವರಿ ಇಪ್ಪತ್ತಾರು. ಅಷ್ಟೊತ್ತಿಗೆ ಎರಡು ತಿಂಗಳ ಹಿಂದೆ ಟೋರಿ ಬಿದ್ದು ಗ್ರೇ ಬಂದಿದ್ದ. ವಿಗ್ ಪಕ್ಷ. ಜನಕ್ಕೆ ಮತ ಕೊಟ್ಟವನು, ಗುಲಾಮಗಿರಿ ರದ್ದು ಮಾಡಿದ ಸರ್ಕಾರದವನು. ಐವತ್ತೇಳು ಮಂದಿಯಲ್ಲಿ ನಾನು ಮನಸಾರೆ ಮೆಚ್ಚಿದವನು ಅವನೊಬ್ಬನೇ. ಪಾಪ, ಅವನಿಗೇನು ಗೊತ್ತು? ಹಡಗಿನಲ್ಲಿ ಕಾಗದ ಮುಟ್ಟೋಕೇ ಆಗ ನಾಲ್ಕೈದು ತಿಂಗಳು."

"ಗ್ರೇಗೆ ಗೊತ್ತಿರಲಿಲ್ಲ ಬಿಡ್ರಿ," ಎಂದಳು ಹಂಸಿನಿ. "ನಿಮಗ ಗೊತ್ತಿತ್ತಲ್ರಿ."

ಸರ್ ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿದರು.

"ಅದೇ ವರ್ಷ ನಿಮ್ಮ ಮೈಸೂರನ್ನೂ ರಾಜರ ಕೈಯಿಂದ ಕಸ್ಕೊಂಡ್ರು. ಅದರ ಅಂಚೆನೂ ತಡ ಆಗಿತ್ತೇನ್ರಿ? ಪಕ್ಷ ಬದಲಾತು, ಹಗ್ಗ ಬದಲಾಗಲಿಲ್ಲ. ಪುಸ್ತಕದೊಳಗ ಇರಬೇಕಾಗಿದ್ದ ಮಾತು ಇದೊಂದೇ ಆಗಿತ್ತು ಸರ."

"ನಾಳೆ ಇದನ್ನ ಎತ್ತಬೇಡ," ಎಂದರು ಅವರು. ಹನ್ನೊಂದು ವರ್ಷದಲ್ಲಿ ಅವರು ಅವಳಲ್ಲಿ ಏನನ್ನೂ ಬೇಡಿರಲಿಲ್ಲ.

ಭಾನುವಾರ ಐಸೆಲಿನ್‌ನ ಬಾಡಿಗೆ ಸಭಾಂಗಣದಲ್ಲಿ ಇನ್ನೂರು ಜನ. ವೇದಿಕೆಯ ಹಿಂದೆ ಐವತ್ತೇಳು ಪ್ರಧಾನಿಗಳ ಚಿತ್ರಪಟ, ಪಕ್ಷಕ್ಕೊಂದು ಬಣ್ಣ. ಅಧ್ಯಕ್ಷ ಜಗದೀಶ್ ಮೈಕು ಹಿಡಿದವರೇ, "ಇನ್ನೂರು ವರ್ಷ ಅವರು ನಮ್ಮನ್ನ ಆಳಿದ್ರು, ಈಗ ನಮ್ಮ ಅಳಿಯ ಅವರನ್ನ ಆಳ್ತಿದ್ದಾನೆ! ಲೆಕ್ಕ ಚುಕ್ತಾ!" ಎಂದರು. ಚಪ್ಪಾಳೆ ಸೀಟಿ. ಹಂಸಿನಿಗೆ ಮೈ ಉರಿಯಿತು. ಕೊರಳಿಗೆ ಬಿದ್ದ ಹಗ್ಗದ ಲೆಕ್ಕ ಮದುವೆಯ ಮಂಟಪದಲ್ಲಿ ಚುಕ್ತಾ ಆಗುವುದಾದರೆ ಇವರು ಏನನ್ನು ತಾನೇ ಮಾರಲಾರರು!

ಅವಳ ಸರದಿ ಬಂತು. ಮುಂದಿನ ಸಾಲಿನಲ್ಲಿ ಸರ್, ಪಕ್ಕದಲ್ಲಿ ಮೈಸೂರು ರೇಷ್ಮೆಯುಟ್ಟ ಕೃಷ್ಣಮ್ಮ. ಸರ್ ಅವಳನ್ನೇ ನೋಡುತ್ತಿದ್ದರು. ಬರೆದು ತಂದ ಹಾಳೆಯಲ್ಲಿ ಬರೀ ಹೊಗಳಿಕೆಯಿತ್ತು. ಅದನ್ನು ಮಡಚಿಟ್ಟಳು.

"ಪುಸ್ತಕ ಕೈಯಾಗ ಇದ್ದವರು ದಯವಿಟ್ಟು ಪದಸೂಚಿ ತೆಗೀರಿ. 'ನಂದಗಡ' ಹುಡುಕ್ರಿ. ಆಮೇಲೆ ಆ ಪುಟಕ್ಕ ಹೋಗ್ರಿ."

ಹಾಳೆಗಳ ಸರಸರ ಸದ್ದು. ಆಮೇಲೆ ಗುಸುಗುಸು. "ಇಲ್ವಲ್ರೀ?" "ಎಲ್ಲಿದೆ?"

"ಇಲ್ಲ. ತೆಗೆದಾರ," ಎಂದಳು. ರಾಯಣ್ಣ ನೇಣಿಗೇರಿದ ದಿನ, ಅಂದು ಲಂಡನ್ನಿನಲ್ಲಿದ್ದ ಸರ್ಕಾರ, ಅದರ ಪಕ್ಷ, ಎಲ್ಲ ಹೇಳಿದಳು. ಸಭೆ ಬೆಚ್ಚಿತು. ಯಾರೋ ಎದ್ದು, "ಸರ್, ನೀವೇನಂತೀರಿ?" ಎಂದರು.

ಅಶ್ವತ್ಥನಾರಾಯಣ ಸರ್ ಕುರ್ಚಿಯ ಕೈ ಹಿಡಿದು ನಿಂತರು. ಹಂಸಿನಿಗೆ ಒಂದು ಮಾತು ಸಾಕಿತ್ತು. ಒಂದೇ ಮಾತು.

"ಅದು ಮುದ್ರಣದೋಷ," ಎಂದರು ಸರ್. "ಪ್ರೆಸ್ಸಿನವರು ಮಾಡಿದ್ದು. ಮುಂದಿನ ಆವೃತ್ತಿಯಲ್ಲಿ ಸರಿಹೋಗುತ್ತೆ."

ಇನ್ನೂರು ಜನ ನಿರಾಳವಾಗಿ ಉಸಿರುಬಿಟ್ಟರು. ಜಗದೀಶ್ ನಗುತ್ತಾ ಮೈಕಿಗೆ ಕೈ ಚಾಚಿದರು. "ನೋಡಿ ಮೇಡಂ, ಇಷ್ಟೇ! ಬಿಸಿಬೇಳೆಬಾತ್ ಆರಿಹೋಗ್ತಿದೆ, ಎಲ್ಲರೂ..."

"ರೀ," ಎಂದಿತೊಂದು ಹೆಣ್ಣುದನಿ.

ಕೃಷ್ಣಮ್ಮ. ಕೂತಲ್ಲಿಂದಲೇ ಗಂಡನ ಕಡೆ ತಿರುಗಿದ್ದರು. ಮುಖ ಬಿಳುಚಿತ್ತು.

"ಆ ಐದು ಪುಟ ನಾನೇ ಟೈಪ್ ಮಾಡಿದ್ದಲ್ಲವೇನ್ರೀ? ಮಾಡ್ತಾ ಮಾಡ್ತಾ ಅತ್ತಿದ್ದೆ. ನೀವೇ ನೀರು ತಂದುಕೊಟ್ರಿ. ಪ್ರೆಸ್ಸಿಗೆ ನಾನೇ ಕಳಿಸಿದ್ದು, ಇದ್ದದ್ದು ಇದ್ದ ಹಾಗೆ. ಅವರ ಮೇಲೆ ಯಾಕೆ ಹಾಕ್ತೀರಿ?"

"ಕೃಷ್ಣೀ, ಮನೇಲಿ ಮಾತಾಡೋಣ."

"ತೆಗೆದದ್ದನ್ನ ಮನೇಲಿ ನನಗೆ ಹೇಳಿದ್ರಾ ನೀವು?"

ಊಟದ ಸಾಲಿಗೆ ಎದ್ದವರು ಎದ್ದಲ್ಲೇ ನಿಂತಿದ್ದರು. ಕೃಷ್ಣಮ್ಮ ಸೆರಗು ಸರಿಮಾಡಿಕೊಂಡು, ಮಂಡಿನೋವಿನ ಕಾಲಿನಲ್ಲಿ ಒಂದೊಂದೇ ಮೆಟ್ಟಿಲು ಹತ್ತಿ ವೇದಿಕೆಗೆ ಬಂದರು. ಜಗದೀಶ್ "ಆಂಟೀ, ಪ್ಲೀಸ್" ಎಂದು ಅಡ್ಡ ಬಂದದ್ದನ್ನು ನೊಣ ಓಡಿಸಿದಂತೆ ಪಕ್ಕಕ್ಕೆ ಸರಿಸಿದರು. ಚೀಲದಿಂದ ಫೋನು ತೆಗೆದು, ಕಣ್ಣಿಂದ ದೂರ ಹಿಡಿದು, ಹಳೆಯ ಮೇಲ್‌ಗಳನ್ನು ಒಂದೊಂದಾಗಿ ದಾಟಿಸುತ್ತಾ ಬಹಳ ಹೊತ್ತು ಹುಡುಕಿದರು. ಸಿಕ್ಕಿತು.

"ಕನ್ನಡಕ ತಂದಿಲ್ಲ. ನೀನೇ ಓದಮ್ಮಾ."

ಹಂಸಿನಿ ಫೋನು ಇಸಿದುಕೊಂಡಳು. ಕೆಳಗೆ ಸರ್ ನಿಂತೇ ಇದ್ದರು. ಕೂರಲೂ ಆರರು, ಹೊರಗೆ ನಡೆಯಲೂ ಆರರು. ಅವಳು ಅವರ ಮುಖವನ್ನೊಮ್ಮೆ ನೋಡಿ, ಅವರದೇ ವಾಕ್ಯ ಓದಿದಳು:

"ಲಂಡನ್ನಿನಲ್ಲಿ ಹೊಸ ಸರ್ಕಾರ ನ್ಯಾಯದ ಹೆಸರು ಹೇಳಿ ಅಧಿಕಾರ ಹಿಡಿದ ಎರಡು ತಿಂಗಳಿಗೆ, ನಂದಗಡದಲ್ಲಿ ಅದೇ ನ್ಯಾಯಕ್ಕೆ ಒಂದು ಆಲದ ಮರ ಬೇಕಾಯಿತು."