ಹೊಟ್ಟೆ ಮುಚ್ಚುವ ಮುನ್ನ

ಯಜಮಾನಿ ಬ್ಲೇಡಿನಿಂದ ಸೋಫಾದ ಬೆನ್ನನ್ನು ಉದ್ದಕ್ಕೆ ಸೀಳಿ, ಮೊಣಕೈವರೆಗೆ ಕೈ ತೂರಿಸಿ ತಡಕಾಡಿ, ಒಳಗಿನಿಂದ ಒಂದು ಕತ್ತರಿಯನ್ನು ಹೊರಗೆಳೆದರು. ಎಳೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಸೋಫಾ ಕಾರ್ಖಾನೆಯವರೆಲ್ಲ ಕೆಲಸ ಬಿಟ್ಟು ಸುತ್ತ ನೆರೆದಿದ್ದರು. ಕತ್ತರಿಯ ಹಿಡಿಗೆ ಕೆಂಪು ಬಟ್ಟೆ ಸುತ್ತಿತ್ತು. ಆ ಕೆಂಪು ಬಟ್ಟೆಯ ಕತ್ತರಿ ಯಾರದೆಂದು ಕೇಳುವ ಅಗತ್ಯವೇ ಇರಲಿಲ್ಲ.

ಸೋಫಾ ವಾಪಸು ಬಂದದ್ದು ಒಬ್ಬ ಶಾಲಾ ಮುಖ್ಯೋಪಾಧ್ಯಾಯಿನಿಯ ಮನೆಯಿಂದ. ಕೂತರೆ ಕಿಣಿ ಅನ್ನುತ್ತದೆ, ಎದ್ದರೆ ಕಿಣಿ ಕಿಣಿ ಅನ್ನುತ್ತದೆ ಎಂದು ಅವರ ದೂರು. ಮನೆಗೆ ಬಂದಿದ್ದ ನೆಂಟರೊಬ್ಬರು ತಮ್ಮ ಮೊಣಕಾಲೇ ಸದ್ದು ಮಾಡುತ್ತಿದೆಯೆಂದು ಗಾಬರಿಬಿದ್ದು ಡಾಕ್ಟರ ಹತ್ತಿರ ಹೋಗಿ ಎಕ್ಸ್‌ರೇ ಬೇರೆ ತೆಗೆಸಿಕೊಂಡು ಬಂದಿದ್ದರಂತೆ.

ಕತ್ತರಿಯ ಒಡೆಯ ತಲೆ ತಗ್ಗಿಸಿ ನಿಂತಿದ್ದ. ಅವನನ್ನು ಎಲ್ಲರೂ ಹುಡುಕಪ್ಪ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಬಂದವನೇ "ನನ್ನ ಸುತ್ತಿಗೆ ನೋಡಿದ್ರಾ?" ಎಂದು ಶುರು ಮಾಡಿದರೆ, ಸಂಜೆ ಚಪ್ಪಲಿ ಹುಡುಕಿಕೊಂಡು ಮನೆಗೆ ಹೊರಡುವವರೆಗೂ ಅದೇ ರಾಗ. ಕೈಕೆಲಸ ಮಾತ್ರ, ಅಬ್ಬಾ, ಹೊಗಳಿದಷ್ಟೂ ಸಾಲದು. ಸ್ಪ್ರಿಂಗು ಬಿಗಿಯುವುದರಲ್ಲಾಗಲಿ, ಮೂಲೆಯಲ್ಲಿ ಒಂದು ಸುಕ್ಕೂ ಬೀಳದಂತೆ ಚರ್ಮ ಮಡಚುವುದರಲ್ಲಾಗಲಿ ಅವನನ್ನು ಮೀರಿಸುವವರು ಆ ಬೀದಿಯಲ್ಲೇ ಇರಲಿಲ್ಲ. ಆದರೆ ಕೆಲಸದ ಗುಂಗು ಹತ್ತಿತೆಂದರೆ ಕೈಯಲ್ಲಿದ್ದದ್ದನ್ನು ಹತ್ತಿರ ಸಿಕ್ಕಿದ ಜಾಗದಲ್ಲಿ ಇಟ್ಟುಬಿಡುತ್ತಿದ್ದ. ಸೋಫಾ ಮಾಡುವವನಿಗೆ ಎಲ್ಲಕ್ಕಿಂತ ಹತ್ತಿರದ ಜಾಗ ಯಾವುದು? ಸೋಫಾದ ಹೊಟ್ಟೆ. ಇಟ್ಟದ್ದರ ಮೇಲೆ ಹತ್ತಿ, ಹತ್ತಿಯ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಹೊಲಿಗೆ. ಅಲ್ಲಿಗೆ ಕತ್ತರಿಯ ಕಥೆ ಮುಗಿಯಿತು.

ಯಜಮಾನಿ ರೇಗಲಿಲ್ಲ. ರೇಗಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಮೇಸ್ತ್ರಿ ಮುಂದಿನ ತಿಂಗಳು ಕೆಲಸ ಬಿಟ್ಟು ಮಗಳ ಮನೆಗೆ ಹೋಗ್ತಾರೆ. ಅವರ ಜಾಗ ನಿನಗೇ ಅಂತ ಮನಸ್ಸಲ್ಲಿ ಇಟ್ಕೊಂಡಿದ್ದೆ," ಎಂದರು. "ತನ್ನ ಕತ್ತರೀನೇ ಕಾಯೋಕೆ ಬರದವನ ಕೈಗೆ ಇಡೀ ಕಾರ್ಖಾನೆ ಹೇಗಪ್ಪಾ ಕೊಡ್ಲಿ?"

ಮುಂದಿನದನ್ನೂ ಅಲ್ಲೇ ಹೇಳಿ ಮುಗಿಸಿದರು. ಹೊಸದಾಗಿ ತೆರೆಯಲಿರುವ ಹೋಟೆಲೊಂದರ ಲಾಬಿಗೆ ಸೋಫಾಗಳ ಆರ್ಡರು ಬಂದಿತ್ತು. ಅದನ್ನು ಅವನ ಕೈಯಲ್ಲೇ ಮಾಡಿಸುತ್ತಾರೆ. ಅದರೊಳಗೆ ಒಂದು ಮೊಳೆ ಹೆಚ್ಚಾಗಿ ಹೋದರೂ ಹೊರಗಿನಿಂದ ಬೇರೆ ಮೇಸ್ತ್ರಿಯನ್ನು ಕರೆತರುತ್ತಾರೆ. ಇಷ್ಟು ಹೇಳಿ ಕತ್ತರಿಯನ್ನು ಅವನ ಕೈಗಿಟ್ಟು, ಹಣೆಯ ಮೇಲೆ ಏರಿಸಿಕೊಂಡಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡು ಒಳಗೆ ಹೋದರು.

ಆ ಜಾಗ ಅವನಿಗೆ ಬೇಕಿತ್ತು. ಬಾಯಿಬಿಟ್ಟು ಯಾರ ಹತ್ತಿರವೂ ಹೇಳಿರಲಿಲ್ಲ, ಆದರೆ ತುಂಬಾ ಬೇಕಿತ್ತು. ಮೀಸೆ ಮೂಡುವ ಕಾಲಕ್ಕೆ ಈ ಕಾರ್ಖಾನೆಗೆ ಬಂದವನು. ಕಿಟಕಿಯ ಪಕ್ಕದ ಮೇಸ್ತ್ರಿಯ ಮೇಜು, ಅದರ ಮೇಲೆ ಬೀಳುವ ಬೆಳಕು, ಅಲ್ಲಿ ನಿಂತು ಮರದ ಚೌಕಟ್ಟಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕುವ ಅಧಿಕಾರ, ಇವನ್ನೆಲ್ಲ ನೋಡುತ್ತಲೇ ದೊಡ್ಡವನಾಗಿದ್ದ. ಈಗ ಅದು ಕತ್ತರಿಯೊಂದರಿಂದ ಕೈತಪ್ಪಿಹೋಗುವುದರಲ್ಲಿತ್ತು.

ಮನೆಗೆ ಬಂದು ಹೆಂಡತಿಗೆ ಹೇಳಿದ. ನೆಂಟರ ಮೊಣಕಾಲಿನ ಕಥೆ ಬಂದಾಗ ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆಮೇಲೆ ಗಂಡನ ಮುಖ ನೋಡಿ ನಗು ನುಂಗಿಕೊಂಡಳು. ಅವಳು ಆಸ್ಪತ್ರೆಯಲ್ಲಿ ಆಪರೇಷನ್ ಕೋಣೆಯ ನರ್ಸು. ಡಾಕ್ಟರು ಕೈ ಚಾಚಿದೊಡನೆ ಬೇಕಾದ ಸಲಕರಣೆಯನ್ನು ಅಂಗೈಗೆ ಇಡುವುದು ಅವಳ ಕೆಲಸ. ಅವಳ ಅಡುಗೆಮನೆಯಲ್ಲಿ ಕಣ್ಣು ಮುಚ್ಚಿ ಕೈ ಚಾಚಿದರೂ ಉಪ್ಪಿನ ಡಬ್ಬಿ ಸಿಗುತ್ತಿತ್ತು. ಗಂಡನ ಬೀರುವಿನಲ್ಲಿ ಕಣ್ಣು ಬಿಟ್ಟು ಹುಡುಕಿದರೂ ಒಂದು ಜೊತೆ ಕಾಲುಚೀಲ ಸಿಗುತ್ತಿರಲಿಲ್ಲ.

"ನಮ್ಮಲ್ಲೂ ಇದೇ ಕಷ್ಟ ಕಣ್ರೀ," ಎಂದಳು. "ಕತ್ತರಿ, ಇಕ್ಕಳ, ಹತ್ತಿ, ಎಲ್ಲಾ ಹೊಟ್ಟೆ ಒಳಗೇ ಓಡಾಡೋದು. ಅದಕ್ಕೇ ನಾವು ಯಾರ ನೆನಪನ್ನೂ ನಂಬಲ್ಲ. ಮುಚ್ಚೋ ಮುಂಚೆ ಒಂದೊಂದರ ಹೆಸರು ಕೂಗ್ತೀವಿ. ಕಣ್ಣಲ್ಲಿ ಕಂಡ್ರೆ ಮಾತ್ರ 'ಇದೆ' ಅನ್ನಬೇಕು. ಒಂದು ಇಲ್ಲ ಅಂದ್ರೂ, ಎಂಥ ದೊಡ್ಡ ಡಾಕ್ಟರೇ ಆಗ್ಲಿ, ಸೂಜಿ ಕೆಳಗಿಡಬೇಕು."

ತಾನು ಹುಟ್ಟು ಮರೆಗುಳಿ, ತನ್ನಿಂದ ಇದೆಲ್ಲ ಆಗುವ ಮಾತಲ್ಲ ಎಂದು ಅವನು ಗೊಣಗಿದ. ಮರೆಯುವವರಿಗೆಂದೇ ಮಾಡಿದ ಉಪಾಯ ಇದು, ಎಲ್ಲವೂ ನೆನಪಿರುವವರಿಗೆ ಇದೇಕೆ ಬೇಕು ಎಂದು ಅವಳು ಬಾಯಿ ಮುಚ್ಚಿಸಿದಳು.

ಮರುದಿನದಿಂದಲೇ ಮನೆಯ ಬಾಗಿಲಲ್ಲಿ ಪಾಠ ಶುರುವಾಯಿತು. ಅವನು ಹೊಸ್ತಿಲಲ್ಲಿ ನಿಲ್ಲಬೇಕು, ಅವಳು ಕೂಗಬೇಕು. ಬೀಗದ ಕೈ? ಇದೆ. ಕರವಸ್ತ್ರ? ಇದೆ. ಊಟದ ಡಬ್ಬಿ? ಇದೆ. ಒಂದು ದಿನ ಅವಸರದಲ್ಲಿ ಚೀಲದೊಳಗೆ ಇಣುಕದೆಯೇ "ಇದೆ" ಎಂದುಬಿಟ್ಟ. ಮಧ್ಯಾಹ್ನ ಹಸಿದು ಮುಚ್ಚಳ ತೆರೆದರೆ ಒಳಗಿದ್ದದ್ದು ಬಟ್ಟೆ ಒಗೆಯುವ ಸೋಪಿನ ಪುಡಿ. ಅವತ್ತು ಕಾರ್ಖಾನೆಯ ದೊಡ್ಡ ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದ ಹೊಲಿಗೆಯಕ್ಕ ತನ್ನ ಡಬ್ಬಿಯಲ್ಲಿ ಪಾಲು ಕೊಟ್ಟಳು. ನೋಡದೆ "ಇದೆ" ಅನ್ನುವ ಚಾಳಿ ಅಲ್ಲಿಗೆ ಬಿಟ್ಟುಹೋಯಿತು.

ಕಾರ್ಖಾನೆಯಲ್ಲಿ ಅವನು ಒಂದು ಹಲಗೆಗೆ ಸಾಲಾಗಿ ಮೊಳೆ ಹೊಡೆದು ಗೋಡೆಗೆ ಹಾಕಿದ. ಕತ್ತರಿಗೊಂದು ಮೊಳೆ, ಸುತ್ತಿಗೆಗೊಂದು, ಇಕ್ಕಳಕ್ಕೊಂದು. ಪ್ರತಿ ಸೋಫಾದ ಕೊನೆಯ ಹೊಲಿಗೆಗೆ ಮುಂಚೆ ಹಲಗೆಯ ಕಡೆ ತಿರುಗಿ ಹೆಸರು ಕೂಗಿ ತಾನೇ ಉತ್ತರ ಹೇಳಿಕೊಳ್ಳುತ್ತಿದ್ದ. ಗೇಲಿ ಮಾಡಲು ಇಷ್ಟು ಸಾಕಲ್ಲ! ಹೊಲಿಗೆಯಕ್ಕ "ಪೇಷೆಂಟಿಗೆ ಜ್ಞಾನ ಬಂತಾ ಡಾಕ್ಟ್ರೇ?" ಎನ್ನುತ್ತಿದ್ದಳು. ಯಾರೋ ಅರ್ಧ ಮುಗಿದ ಸೋಫಾದ ಮೇಲೆ ಬಿಳಿ ಬಟ್ಟೆ ಹೊದಿಸಿ, ತಲೆಯ ಕಡೆ ಒಂದು ದಿಂಬನ್ನೂ ಇಟ್ಟು ಹೋಗಿದ್ದರು. ಅವನ ಕಿವಿ ಕೆಂಪಾಗುತ್ತಿತ್ತು. ಎಷ್ಟೋ ಸಲ ಕೂಗುವುದನ್ನೇ ಮರೆತು ಹೊಲಿದು, ಆಮೇಲೆ ನೆನಪಾಗಿ, ಹಲ್ಲು ಕಚ್ಚಿಕೊಂಡು ಎಲ್ಲ ಬಿಚ್ಚಿ ಮತ್ತೆ ಹೊಲಿದ. ಬಿಚ್ಚುವ ಬೇಸರಕ್ಕೇ ಕೂಗುವುದು ರೂಢಿಯಾಯಿತೋ ಏನೋ.

ನಿಧಾನವಾಗಿ ಒಂದು ವಿಚಿತ್ರ ನಡೆಯಿತು. ಅವನಿಗೆ ಹೊತ್ತು ಮಿಗತೊಡಗಿತು. ಹುಡುಕುವುದಕ್ಕೆ ಹೋಗುತ್ತಿದ್ದ ಹೊತ್ತೆಲ್ಲ ಕೈಗೆ ಬಂದಿತ್ತು. ಒಂದು ಸಂಜೆ ಬೆಳಕಿರುವಾಗಲೇ ಮನೆಗೆ ಹೋದರೆ ಹೆಂಡತಿ ಬಾಗಿಲು ತೆರೆದವಳೇ ಎದೆ ಹಿಡಿದುಕೊಂಡು, ಕೆಲಸದಿಂದ ತೆಗೆದುಬಿಟ್ಟರೇ ಎಂದು ಕೇಳಿದಳು. ಇತ್ತ ಹೊಲಿಗೆಯಕ್ಕನ ಗೇಲಿಯೂ ಬದಲಾಯಿತು. ಅವನು "ಸುತ್ತಿಗೆ?" ಎಂದರೆ ಅವಳು ಯಂತ್ರ ನಿಲ್ಲಿಸಿ, ಹಲಗೆಯ ಕಡೆ ಕತ್ತು ತಿರುಗಿಸಿ, "ಇದೆ" ಎನ್ನತೊಡಗಿದಳು. ಹಳೆಯ ಮೇಸ್ತ್ರಿಯೂ ಮೂಲೆಯಿಂದ ದನಿ ಸೇರಿಸುತ್ತಿದ್ದರು. ಹೋಟೆಲಿನ ಸೋಫಾಗಳು ಒಂದೊಂದಾಗಿ ಗೋಡೆಯ ಪಕ್ಕ ಸಾಲು ನಿಂತವು.

ಕೊನೆಯ ಸೋಫಾ ಮುಗಿಯುವ ದಿನ ಹೋಟೆಲಿನ ಮ್ಯಾನೇಜರೇ ನೋಡಲು ಬಂದರು. ಇಸ್ತ್ರಿ ಮುರಿಯದ ಕೋಟು, ಟೈ, ಬೂಟಿನಲ್ಲಿ ಮುಖ ನೋಡಿಕೊಳ್ಳಬಹುದು, ಅಷ್ಟು ಹೊಳಪು. ಹೊರಗೆ ಲಾರಿ ಬಂದು ನಿಂತಿತ್ತು. ಯಜಮಾನಿ ತೆರೆದ ಸೋಫಾದ ಮೇಲೆ ಪೂರ್ತಿ ಬಗ್ಗಿ, ಸ್ಪ್ರಿಂಗುಗಳನ್ನು ಬೆರಳಿನಿಂದ ಒತ್ತಿ ಒತ್ತಿ ಅವರಿಗೆ ತೋರಿಸುತ್ತಿದ್ದರು. ಹುಡುಕಪ್ಪ ಅವರಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತಿದ್ದ. ಅಷ್ಟರಲ್ಲಿ ಯಜಮಾನಿಯ ಫೋನು ರಿಂಗಾಯಿತು. ಅವರು ಎದ್ದು ದೂರ ಹೋಗಿ ಮಾತಾಡಿ ಬಂದು, ಇನ್ನು ಮುಚ್ಚು ಎಂದು ಕೈಸನ್ನೆ ಮಾಡಿದರು.

ಅವನು ಹತ್ತಿ ಹರಡಿದ. ಬಟ್ಟೆ ಎಳೆದ. ಬಾಗಿದ ಸೂಜಿಗೆ ದಾರ ಪೋಣಿಸಿದ. ಈಗ ಕೂಗಬೇಕು. ಹೊಲಿಗೆಯಕ್ಕ ಯಂತ್ರ ನಿಲ್ಲಿಸಿ ಕಾಯುತ್ತಿದ್ದಳು. ಆದರೆ ಆ ಟೈ ಕಟ್ಟಿದ ಮನುಷ್ಯನ ಎದುರು, ತರಕಾರಿ ಮಾರುವವನಂತೆ "ಕತ್ತರಿ? ಸುತ್ತಿಗೆ?" ಎಂದು ಗಂಟಲು ಹರಿದುಕೊಳ್ಳುವುದೇ? ಅವನಿಗೆ ನಾಚಿಕೆ ಮುತ್ತಿಕೊಂಡಿತು. ಗಂಟಲಿಗೆ ಬಂದ ಕೂಗನ್ನು ಹಾಗೇ ನುಂಗಿಕೊಂಡು ಹೊಲಿಯತೊಡಗಿದ. ಮ್ಯಾನೇಜರು ಬಾಯಿ ಬಿಟ್ಟುಕೊಂಡು ನೋಡುವಷ್ಟು ಚೆಂದ ಹೊಲಿದ. ಅವರು ಅಂಚಿನ ಮೇಲೆ ಕೈಯಾಡಿಸಿ, ಹೊಲಿಗೆ ಎಲ್ಲಿದೆಯೆಂದೇ ಗೊತ್ತಾಗುವುದಿಲ್ಲವಲ್ಲ ಎಂದರು.

ಯಜಮಾನಿಯ ಮುಖ ಅರಳಿತು. ತಮ್ಮಲ್ಲಿ ಮೇಸ್ತ್ರಿಯ ಜಾಗ ಖಾಲಿಯಾಗಲಿದೆ, ಅದಕ್ಕೆ ಇವನನ್ನೇ ಯೋಚಿಸುತ್ತಿದ್ದೇನೆ ಎಂದು ಎಲ್ಲರೆದುರೇ ಹೇಳಿದರು. ಹುಡುಕಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವರಿಬ್ಬರೂ ಕಚೇರಿಗೆ ಹೋದರು. ಸಹಿ ಹಾಕಲು ಕನ್ನಡಕ ಸಿಗದೆ ಯಜಮಾನಿ ಮೇಜಿನ ಖಾನೆಗಳನ್ನೆಲ್ಲ ಎಳೆದಾಡುವ ಸದ್ದು ಹೊರಗೂ ಕೇಳಿಸಿತು. ಹುಡುಕಪ್ಪನ ರೋಗ ತಮಗೂ ಅಂಟಿತು ಎಂದು ಅವರು ಮ್ಯಾನೇಜರಿಗೆ ಹೇಳುತ್ತಿದ್ದರು.

ಅವನು ನಗುತ್ತಲೇ ಸಲಕರಣೆಗಳನ್ನು ಬಾಚಿಕೊಂಡು ಹಲಗೆಯ ಹತ್ತಿರ ಹೋದ. ಕತ್ತರಿಯನ್ನು ತೂಗುಹಾಕಿದ. ಸುತ್ತಿಗೆಯನ್ನು ತೂಗುಹಾಕಿದ. ಇಕ್ಕಳದ ಮೊಳೆ ಖಾಲಿ ಉಳಿಯಿತು.

ಜೇಬು ನೋಡಿಕೊಂಡ, ಮೇಜಿನ ಕೆಳಗೆ ಬಗ್ಗಿದ, ಹತ್ತಿಯ ರಾಶಿಯನ್ನು ಕೆದಕಿದ. ಎಲ್ಲಿಯೂ ಇಲ್ಲ. ಹೊರಗೆ ಸೋಫಾಗಳನ್ನು ಲಾರಿಗೆ ಏರಿಸುತ್ತಿದ್ದರು. ಹತ್ತಿಯ ನಡುವೆ ಹುದುಗಿದ ಇಕ್ಕಳ ಸದ್ದು ಮಾಡುವುದೂ ಅನುಮಾನ. ಸಂಜೆ ಅಂಗಡಿಯಲ್ಲಿ ಇನ್ನೊಂದು ಕೊಂಡು ತಂದು ಮೊಳೆಗೆ ಹಾಕಿದರೆ ಕಾಕಪಿಳ್ಳೆಗೂ ಗೊತ್ತಾಗುವುದಿಲ್ಲ. ಆ ಜಾಗದ ಮಾತು ಈಗಷ್ಟೇ ಯಜಮಾನಿಯ ಬಾಯಿಂದ ಬಂದಿದೆ. ಬಾಯಿ ತೆರೆದರೆ ಅದೂ ಹೋಯಿತು. ಹಳೆಯ ಮೇಸ್ತ್ರಿ ಮೂಲೆಯಿಂದ ಖಾಲಿ ಮೊಳೆಯನ್ನು ನೋಡಿದರು, ಅವನನ್ನು ನೋಡಿದರು, ಆಮೇಲೆ ಅಳತೆಯ ಪಟ್ಟಿಯನ್ನು ಸುತ್ತುತ್ತ ಮುಖ ತಿರುಗಿಸಿಕೊಂಡರು.

ಹುಡುಕಪ್ಪ ಖಾಲಿ ಮೊಳೆಯನ್ನು ಬೆರಳಿನಿಂದ ಮುಟ್ಟಿದ. ಎಂಥ ದೊಡ್ಡ ಡಾಕ್ಟರೇ ಆಗಲಿ ಎಂದು ಬೆರಳೆತ್ತಿ ಹೇಳಿದ ಹೆಂಡತಿಯ ಮುಖ ಕಣ್ಣಮುಂದೆ ಬಂತು. ಹೊರಗೆ ಹೋಗಿ, ಕೊನೆಗೆ ಏರಿಸಿದ ಸೋಫಾವನ್ನು ಇಳಿಸಿ ಎಂದ. ಆಳುಗಳು ಅವನ ಮುಖ ನೋಡಿದರು, ಡ್ರೈವರು ಹಾರ್ನು ಒತ್ತಿದ. ಗದ್ದಲ ಕೇಳಿ ಯಜಮಾನಿಯೂ ಮ್ಯಾನೇಜರೂ ಹೊರಗೆ ಬಂದರು.

"ಇಕ್ಕಳ ಇಲ್ಲ ಅಮ್ಮಾ. ಇದರೊಳಗೇ ಹೋಗಿದೆ," ಎಂದ. ಮ್ಯಾನೇಜರ ಕಡೆ ನೋಡಿದ. "ಇವರ ಎದುರು ಹೆಸರು ಕೂಗೋಕೆ ನಾಚಿಕೆ ಆಯ್ತು. ಕೂಗದೇ ಮುಚ್ಚಿಬಿಟ್ಟೆ."

ಯಜಮಾನಿಯ ಮುಖದಲ್ಲಿ ಅರಳಿದ್ದದ್ದೆಲ್ಲ ಬಾಡಿತು. ಲಾರಿಯಲ್ಲಿದ್ದ ಸೋಫಾಗಳನ್ನು ಒಮ್ಮೆ, ಮ್ಯಾನೇಜರನ್ನು ಒಮ್ಮೆ ನೋಡಿ, "ಹಾಗಾದ್ರೆ ಎಲ್ಲಾನೂ ಬಿಚ್ಚಬೇಕಾ?" ಎಂದು ಮೆಲ್ಲಗೆ ಕೇಳಿದರು.

"ಬೇಡ. ಬೇರೆಯವನ್ನೆಲ್ಲ ಕೂಗೇ ಮುಚ್ಚಿದ್ದು. ಇದೊಂದೇ."

ಅವನು ಅದನ್ನು ಹೇಳಿದ ರೀತಿಯಲ್ಲಿ ಏನಿತ್ತೋ, ಯಜಮಾನಿ ಸೋಫಾವನ್ನು ಮತ್ತೆ ಒಳಗೆ ತರಿಸಿ, ಬ್ಲೇಡನ್ನು ಅವನ ಕೈಗೆ ಕೊಟ್ಟರು. ಅಷ್ಟು ಚೆಂದದ ಹೊಲಿಗೆಯನ್ನು ಅವನು ತಾನೇ ಕುಯ್ದ. ಹತ್ತಿ ಸರಿಸಿ ಕೈ ಇಳಿಸಿದ. ಯಜಮಾನಿಗೆ ದಾರಿ ಬಿಡುವಾಗ ಸ್ಪ್ರಿಂಗಿಗೆ ಸಿಕ್ಕಿಸಿಟ್ಟಿದ್ದ ಇಕ್ಕಳ ಅಲ್ಲೇ ತೂಗುತ್ತಿತ್ತು. ಎಳೆದು ಹೊರಗಿಟ್ಟ. ಆದರೆ ಕೈಯನ್ನು ಮಾತ್ರ ಮತ್ತೆ ಒಳಗೆ ಇಳಿಸಿದ. ಅಲ್ಲಿ ಇನ್ನೇನೋ ತಣ್ಣಗೆ ಬೆರಳಿಗೆ ತಗುಲಿತ್ತು. ಹುಬ್ಬು ಗಂಟಿಕ್ಕಿ, ತಡಕಿ, ನಿಧಾನವಾಗಿ ಹೊರತೆಗೆದ.

ಯಜಮಾನಿಯ ಕನ್ನಡಕ. ಎರಡು ಗಾಜಿಗೂ ಹತ್ತಿ ಮೆತ್ತಿಕೊಂಡಿತ್ತು.

ಮೊದಲು ನಕ್ಕದ್ದು ಮ್ಯಾನೇಜರು. ಆಮೇಲೆ ಹೊಲಿಗೆಯಕ್ಕ, ಆಮೇಲೆ ಲಾರಿಯ ಡ್ರೈವರು. ಹಳೆಯ ಮೇಸ್ತ್ರಿಗೆ ನಕ್ಕು ನಕ್ಕು ಕೆಮ್ಮು ಹತ್ತಿತು. ಯಜಮಾನಿ ಮಾತ್ರ ನಗಲಿಲ್ಲ. ಕನ್ನಡಕವನ್ನು ಒರೆಸಿ, ಹಾಕಿಕೊಂಡು, ಅದರ ಮೂಲಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಮುಚ್ಚು," ಎಂದರು.

ಅವನು ಸಲಕರಣೆಗಳನ್ನೆಲ್ಲ ಹಲಗೆಗೆ ತೂಗುಹಾಕಿ ಬಂದು ಹತ್ತಿ ಹರಡಿ, ಬಟ್ಟೆ ಎಳೆದು, ಸೂಜಿ ಹಿಡಿದ. ಈ ಸಲ ನೆಟ್ಟಗೆ ನಿಂತು, ಮ್ಯಾನೇಜರ ಎದುರೇ, ಬೀದಿಗೂ ಕೇಳುವಂತೆ ಕೂಗಿದ.

"ಕತ್ತರಿ?"

"ಇದೆ," ಎಂದಳು ಹೊಲಿಗೆಯಕ್ಕ.

"ಸುತ್ತಿಗೆ?"

"ಇದೆ," ಎಂದರು ಹಳೆಯ ಮೇಸ್ತ್ರಿ.

"ಇಕ್ಕಳ?"

"ಇದೆ," ಎಂದರು ಇಬ್ಬರೂ.

ಅವನು ಸೂಜಿಯನ್ನು ಬಟ್ಟೆಯ ಹತ್ತಿರ ತಂದ. ಚುಚ್ಚಲಿಲ್ಲ. ತಿರುಗಿ ನಿಂತು, ಸ್ವಲ್ಪ ದನಿ ತಗ್ಗಿಸಿ ಕೇಳಿದ.

"ಅಮ್ಮನವರ ಕನ್ನಡಕ?"

ಯಜಮಾನಿ ಬೆರಳೆತ್ತಿ ಮೂಗಿನ ಮೇಲೆ ಮುಟ್ಟಿ ನೋಡಿಕೊಂಡರು.

"ಇದೆ, ಮೇಸ್ತ್ರಿ," ಎಂದರು.

ಅವನು ಬಗ್ಗಿ ಮೊದಲ ಹೊಲಿಗೆ ಹಾಕಿದ.