ಹಸಿರು ದೀಪ ಮತ್ತು ಎಂಟು ನಿಮಿಷ

ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ವೆಂಕಟಸ್ವಾಮಿ ಪ್ಲಗ್ ಕಿತ್ತರು. ಐದನೇ ಸೆಕೆಂಡಿಗೆ ಬೋರ್ಡ್ ನಿಂತುಹೋಯಿತು. ಹನ್ನೆರಡು ಸೆಕೆಂಡ್ ಉಳಿಯಬೇಕಿತ್ತು.

ಲಸಿಕೆ ಇಡುವ ಫ್ರಿಜ್‌ಗೆ ಕೂರಿಸುವ ಬೋರ್ಡ್ ಅದು. ಕರೆಂಟ್ ಹೋದ ಕೂಡಲೇ ಒಳಗಿನ ಉಷ್ಣಾಂಶ ಬರೆದಿಟ್ಟು, ಆರೋಗ್ಯ ಕೇಂದ್ರದ ಫೋನಿಗೆ ಮೆಸೇಜ್ ಕಳಿಸಿ, ಆಮೇಲೆ ಆರಬೇಕು. ಅಷ್ಟು ಹೊತ್ತಿಗೆ ಬೇಕಾದ ಶಕ್ತಿಯನ್ನು ನಾಣ್ಯದಗಲದ ಒಂದು ಸೂಪರ್ ಕೆಪಾಸಿಟರ್ ತುಂಬಿಟ್ಟುಕೊಂಡಿರುತ್ತದೆ. ಮೊದಲು ಅಲ್ಲಿ ಬ್ಯಾಟರಿ ಇತ್ತು, ಬೇಸಿಗೆಯಲ್ಲಿ ಊದಿಕೊಳ್ಳುತ್ತಿತ್ತು. ಅದನ್ನು ತೆಗೆಸಿ ಕೆಪಾಸಿಟರ್ ಹಾಕಿಸಿದವಳು ಎಂಜಿನಿಯರ್ ರಂಜನಾ. ಫ್ರಿಜ್ ಕಂಪನಿಯ ತಪಾಸಕ ಯಾಸಿರ್ ಹನ್ನೆರಡಕ್ಕೆ ಬರುವವರಿದ್ದರು. ಅವರು ಒಪ್ಪಿದರೆ ಮುಂದಿನ ನಲವತ್ತು ಫ್ರಿಜ್‌ಗಳಿಗೆ ಅವಳ ಬೋರ್ಡ್. ಇಲ್ಲವಾದರೆ ಮತ್ತೆ ಬ್ಯಾಟರಿ.

ರಾಮಮೂರ್ತಿ ನಗರದ ಮಹಡಿ ಮನೆಯಲ್ಲಿರುವ ಆ ವರ್ಕ್‌ಶಾಪಿನಲ್ಲಿ ಎರಡು ವಾರದಿಂದ ಇದೇ ಪಾಡು. ರಂಜನಾಳ ಮೇಜಿನ ಮೇಲೆ ಬೋರ್ಡ್ ಇಪ್ಪತ್ತು ಸೆಕೆಂಡ್ ಉಳಿಯುತ್ತಿತ್ತು. ಟೆಸ್ಟಿಂಗ್ ನೋಡಿಕೊಳ್ಳುವ ವೆಂಕಟಸ್ವಾಮಿಯವರ ಮೇಜಿಗೆ ಹೋದರೆ ಐದೇ. ಅವಳು ಮೂರು ಕಂಪನಿಗಳ ಕೆಪಾಸಿಟರ್ ಬದಲಾಯಿಸಿದ್ದಳು, ಪ್ರೋಗ್ರಾಂ ಎರಡು ಸಲ ಹೊಸದಾಗಿ ಬರೆದಿದ್ದಳು.

"ಇನ್ನೊಂದ್ ಸಲ ಮಾಡಿ ಸಾರ್," ಎಂದು ಅವರ ಪಕ್ಕದಲ್ಲೇ ನಿಂತಳು.

ವೆಂಕಟಸ್ವಾಮಿ ಇಕ್ಕಳದಲ್ಲಿ ಒಂದು ರೆಸಿಸ್ಟರ್ ಹಿಡಿದು ಕೆಪಾಸಿಟರಿನ ಎರಡು ಕಾಲುಗಳಿಗೂ ತಾಗಿಸಿದರು.

"ಏನ್ ಮಾಡ್ತಿದೀರ?"

"ಖಾಲಿ ಮಾಡ್ತಿದೀನಮ್ಮ. ಮುಟ್ಟೋಕೆ ಮುಂಚೆ ಖಾಲಿ ಮಾಡ್ಬೇಕು. ಫ್ಯಾಕ್ಟರೀಲಿ ಮೂವತ್ತೊಂದು ವರ್ಷ ಇದೇ ರೂಲು."

"ಪ್ರತಿ ಸಲಾನಾ?"

"ಮತ್ತೆ?"

"ಇದು ಐದು ವೋಲ್ಟು. ಇರುವೆನೂ ಸಾಯಲ್ಲ."

"ಐದೋ ಐನೂರೋ, ಕೆಪಾಸಿಟರ್ ಕೆಪಾಸಿಟರೇ. ನಮ್ ಶೆಡ್ಡಲ್ಲಿ ಒಬ್ಬ ನಂಬ್ಕೊಂಡು ಕೈಯಿಟ್ಟ, ಇವತ್ತಿಗೂ ಎರಡು ಬೆರಳು ಮಡಚಲ್ಲ."

ರಂಜನಾ ಕುರ್ಚಿಯಲ್ಲಿ ಕುಳಿತಳು. ಬರಿದಾದ ಕೆಪಾಸಿಟರ್ ತುಂಬಲು ಎಂಟು ನಿಮಿಷ ಬೇಕು. ಅವಳ ಮೇಜಿನ ಮೇಲೆ ಅದು ಎಂದೂ ಪೂರ್ತಿ ಬರಿದಾಗುತ್ತಿರಲಿಲ್ಲ. ಚಾರ್ಜರಿನ ಮೇಲೆ ಹೊರೆ ಬೀಳದಿರಲೆಂದು ಕರೆಂಟು ನಿಧಾನವಾಗಿ ಒಳಹೋಗುವಂತೆ ನೂರು ಓಮ್ ರೆಸಿಸ್ಟರ್ ಹಾಕಿದ್ದವಳು ಅವಳೇ.

"ತುಂಬೋಕೆ ಎಷ್ಟು ಹೊತ್ತು ಬಿಡ್ತೀರ?"

"ಎರಡು ನಿಮಿಷ. ಹಸಿರು ಲೈಟ್ ಬರತ್ತಲ್ಲ."

ಬೋರ್ಡ್ ಶುರುವಾಯಿತು ಎಂಬುದಷ್ಟೇ ಆ ದೀಪದ ಅರ್ಥ. ಅದನ್ನು ಯಾರಿಗೂ ಅವಳು ಹೇಳಿರಲಿಲ್ಲ.

"ಎರಡು ವಾರ ಸಾರ್. ಒಂದು ಮಾತು ಹೇಳ್ಬಾರ್ದಿತ್ತಾ?"

"ನೀನು ಕೇಳ್ಬೇಕಿತ್ತು."

ಯಾಸಿರ್ ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಹನ್ನೆರಡೂವರೆಗೆ ಬಂದರು. ರಂಜನಾ ಬೋರ್ಡಿಗೆ ಪ್ಲಗ್ ಹಾಕಿ ಅವರಿಗೆ ಚಹಾ ಕೊಟ್ಟಳು, ಹತ್ತು ನಿಮಿಷ ಮಾತಾಡಿಸಿದಳು, ಪ್ಲಗ್ ಕಿತ್ತಳು. ಬೋರ್ಡ್ ಇಪ್ಪತ್ತು ಸೆಕೆಂಡ್ ಉಳಿಯಿತು. ಮೆಸೇಜ್ ಬಂತು.

"ಚಹಾ ಚೆನ್ನಾಗಿತ್ತು," ಎಂದ ಯಾಸಿರ್ ಪೆಟ್ಟಿಗೆಯಿಂದ ತಾವೇ ಒಂದು ಹೊಸ ಬೋರ್ಡ್ ತೆಗೆದರು. ಪ್ಲಗ್ ಹಾಕಿದರು. ಹಸಿರು ದೀಪ ಹತ್ತಿತು. ಗಡಿಯಾರ ನೋಡಿ ಎರಡು ನಿಮಿಷಕ್ಕೆ ಕಿತ್ತರು. ಐದು ಸೆಕೆಂಡ್. ಮೆಸೇಜ್ ಇಲ್ಲ.

"ಅದು ಇನ್ನೂ ತುಂಬಿರಲಿಲ್ಲ," ಎಂದಳು ರಂಜನಾ.

"ಅದು ಕೇಂದ್ರದ ನರ್ಸಿಗೆ ಹೆಂಗ್ ಗೊತ್ತಾಗತ್ತೆ ಮೇಡಂ? ಲೈಟ್ ಹಸಿರಿದೆ. ಫ್ರಿಜ್ ಕೂರಿಸಿದ ಎರಡನೇ ನಿಮಿಷಕ್ಕೆ ಕೆ.ಆರ್. ಪುರದಲ್ಲಿ ಕರೆಂಟ್ ಹೋಗಲ್ಲ ಅಂತ ಬರ್ಕೊಡ್ತೀರಾ?"

ವೆಂಕಟಸ್ವಾಮಿ ಇಕ್ಕಳ ಒರೆಸುತ್ತ, "ನಾನು ಎರಡು ವಾರದಿಂದ ಇದನ್ನೇ ಟೆಸ್ಟ್ ಮಾಡ್ತಿದ್ದೆ," ಎಂದರು. ರಂಜನಾ ಅವರ ಕಡೆ ನೋಡಲಿಲ್ಲ.

ಒಂದು ಐದಕ್ಕೆ ಯಾಸಿರ್ ವರದಿಯಲ್ಲಿ 'ಅನುಮೋದನೆ ಇಲ್ಲ' ಎಂದು ಬರೆದು ಹೊರಟರು. ರಂಜನಾ ನೂರು ಓಮ್ ರೆಸಿಸ್ಟರ್ ಕಿತ್ತು ಇಪ್ಪತ್ತೆರಡರದು ಬೆಸುಗೆ ಹಾಕಿದಳು. ಪೂರ್ತಿ ತುಂಬಿದ ಮೇಲಷ್ಟೇ ದೀಪ ಹತ್ತುವಂತೆ ಪ್ರೋಗ್ರಾಂ ತಿದ್ದಿದಳು. ಬರಿದಾದ ಕೆಪಾಸಿಟರ್ ಎರಡು ನಿಮಿಷದೊಳಗೆ ತುಂಬಿತು. ಚಾರ್ಜರ್ ಬೆಚ್ಚಗೂ ಆಗಲಿಲ್ಲ. ಮೂರು ಐವತ್ತಕ್ಕೆ ಯಾಸಿರ್‌ಗೆ ಫೋನ್ ಮಾಡಿದಳು. ಮುಂದಿನ ತಪಾಸಣೆಗೆ ಅವರು ಹತ್ತೊಂಬತ್ತನೇ ತಾರೀಖು ಕೊಟ್ಟರು.

ಅದಕ್ಕೂ ಎಂಟು ದಿನ ಮೊದಲೇ, ಹನ್ನೊಂದನೇ ತಾರೀಖು, ಆ ನಲವತ್ತು ಫ್ರಿಜ್‌ಗಳು ಬ್ಯಾಟರಿ ಬೋರ್ಡ್‌ಗಳೊಂದಿಗೆ ಹೋದವು.