ನೆಟ್ಟ ಗೀಟು, ಅಡ್ಡ ಗೀಟು

ನಮ್ಮ ವೃದ್ಧಾಶ್ರಮದ ಮ್ಯಾನೇಜರ್ ಚಲಪತಿಯ ಕೈಬರಹ ಚೆನ್ನಾಗಿದೆ. ಅದನ್ನು ಒಪ್ಪಲೇಬೇಕು. ರಾಮಲಕ್ಷ್ಮಮ್ಮನ ಮಂಚಕ್ಕೆ ತಗುಲಿಸಿದ್ದ ಹಾಳೆಯಲ್ಲಿ ಎರಡೆರಡು ಗಂಟೆಗೊಂದು ಸರಿ ಗುರುತು ಸಾಲಾಗಿ ಕೂತಿರುತ್ತಿತ್ತು. ಅಷ್ಟು ಹೊತ್ತಿಗೆ ಸರಿಯಾಗಿ ಆಕೆಯನ್ನು ಮಗ್ಗುಲು ಬದಲಿಸಿ ಮಲಗಿಸಿದ್ದೇವೆ ಎಂದು ಅದರ ಅರ್ಥ. ಆರಕ್ಕೊಂದು, ಎಂಟಕ್ಕೊಂದು, ಹತ್ತಕ್ಕೊಂದು, ಎಲ್ಲವೂ ಒಂದೇ ಶಾಯಿ, ಒಂದೇ ಓರೆ. ನಾನು ಚಿಂತಾಮಣಿಯ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಮಾಡಿದವಳು. ಇಡೀ ವಾರದ ಹಾಜರಿಯನ್ನು ಶನಿವಾರ ಒಂದೇ ಸಲ ಕೂತು ತುಂಬಿದ ಕೈ ನನ್ನದೂ ಹೌದು. ಆ ಹಾಳೆಯ ಸುಳ್ಳು ಕಂಡುಹಿಡಿಯಲು ನನಗೆ ಕನ್ನಡಕವೂ ಬೇಕಾಗಲಿಲ್ಲ.

ನಮ್ಮ ಕೋಣೆಯಲ್ಲಿ ಮೂರು ಮಂಚ. ಕಿಟಕಿಯ ಬಳಿ ಸೊಂಟ ಮುರಿದುಕೊಂಡು ವಾಕರ್ ಹಿಡಿದು ಓಡಾಡುವ ಗೋದಮ್ಮ, ಅಂದರೆ ನಾನು. ಬಾಗಿಲ ಬಳಿ ಶಿಡ್ಲಘಟ್ಟದ ಕಡೆಯ ಅಕ್ಕಯಮ್ಮ, ಐವತ್ತು ವರ್ಷ ರೇಷ್ಮೆ ಹುಳ ಮೇಯಿಸಿದ ಗಟ್ಟಿ ಹೆಂಗಸು. ನಡುವೆ ರಾಮಲಕ್ಷ್ಮಮ್ಮ. ಆಕೆಯದೂ ಹುಳ ಮೇಯಿಸುವ ಮನೆಯೇ. ಲಕ್ವ ಹೊಡೆದು ಬಲಗಡೆ ಬಿದ್ದುಹೋಗಿದೆ, ಮಾತೂ ಹೋಗಿದೆ. ಒಂದೇ ಸಮನೆ ಅಂಗಾತ ಬಿದ್ದಿದ್ದು ಬೆನ್ನ ಕೆಳಗೆ ಹುಣ್ಣಾಗಿತ್ತು. ಇಪ್ಪತ್ತೆರಡು ಜನಕ್ಕೆ ಹಗಲು ಇರುವವಳು ಅಮೃತ ಎಂಬ ಒಬ್ಬಳೇ ಆಯಾ. ಅವಳಾದರೂ ಎಲ್ಲಿ ಅಂತ ಸಾಯುತ್ತಾಳೆ?

ಭಾನುವಾರ ಮಾತ್ರ ರಾಮಲಕ್ಷ್ಮಮ್ಮನಿಗೆ ಪೌಡರ್ ಬಳಿದು, ಹೂ ಮುಡಿಸಿ, ಗಾಲಿಕುರ್ಚಿಯಲ್ಲಿ ಮುಂದಿನ ಹಾಲ್‌ಗೆ ತಳ್ಳಿಕೊಂಡು ಹೋಗುತ್ತಿದ್ದರು. ಮಗಳು ಮಾಲಾ ಬಾಳೆಹಣ್ಣು ತಂದು ತಿನ್ನಿಸಿ, ತಲೆ ಸವರಿ ಹೋಗುತ್ತಿದ್ದಳು. ಹೊರಗಿನವರು ಕೋಣೆಗೆ ಬರುವಂತಿಲ್ಲ, ಸೋಂಕು ಹತ್ತುತ್ತದೆ ಎಂಬುದು ಚಲಪತಿಯ ನಿಯಮ.

ನೀವು ಹೇಳಬಹುದಿತ್ತಲ್ಲ ಎನ್ನುತ್ತೀರಿ. ಹೇಳಿದೆ. ವಾಕರ್ ಎಳೆದುಕೊಂಡು ಹಾಲ್‌ಗೆ ಹೋಗಿ, ನಿಮ್ಮಮ್ಮನಿಗೆ ಹುಣ್ಣಾಗಿದೆ, ಒಳಗೆ ಬಂದು ನೋಡು ಎಂದೆ. ಚಲಪತಿ ಆ ಹಾಳೆ ತಂದು ತೋರಿಸಿದ. ಸ್ವಲ್ಪ ಕೆಂಪಾಗಿದೆ, ಮುಲಾಮು ಹಚ್ಚುತ್ತಿದ್ದೇವೆ ಎಂದ. ಮಾಲಾ ನಂಬಿದಳು.

"ಒಳಗೆ ಬಿಡಲ್ಲ ಅಂದ್ರೆ ಸರಿನೇ ಅಲ್ವಾ, ಟೀಚರಮ್ಮ? ನಮ್ ಹುಳದ ಮನೆಗೂ ಹೊರಗಿನೋರನ್ನ ಬಿಡಲ್ಲ. ರೋಗ ಬಂದ್ರೆ ಒಂದು ಹುಳನೂ ಉಳಿಯಲ್ಲ" ಎಂದಳು.

ನನಗೆ ಮೈಯೆಲ್ಲ ಉರಿಯಿತು. ಅಷ್ಟು ಒಳ್ಳೆಯ ಹುಡುಗಿ ತನ್ನ ಒಳ್ಳೆಯ ಅಭ್ಯಾಸದಿಂದಲೇ ಮೋಸ ಹೋಗುತ್ತಿದ್ದಳು.

ಕೋಣೆಗೆ ಬಂದು ನಾನು ಗೊಣಗುತ್ತಿದ್ದಾಗ ಅಕ್ಕಯಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು.

"ಬಾಯಿ ಆಮೇಲೆ ಆಡಿಸೋಣ. ಈ ಕಡೆ ಅವಳ ಕೆಳಗಿನ ದುಪ್ಪಟಿ ಹಿಡ್ಕೊಳ್ಳಿ. ಹುಳದ ಬಲೆ ಎತ್ತಿದಂಗೆ ಎತ್ತಬೇಕು, ಎಳೀಬಾರದು."

ಹುಳದ ಹಾಸಿಗೆಯ ಹಿಕ್ಕೆ ತೆಗೆಯುವಾಗ ಹುಳಗಳ ಮೇಲೆ ಬಲೆ ಹಾಸಿ, ಅದರ ಮೇಲೆ ಸೊಪ್ಪು ಹಾಕುತ್ತಾರಂತೆ. ಹುಳಗಳು ಮೇಲೆ ಹತ್ತಿದ ಮೇಲೆ ನಾಲ್ಕು ಮೂಲೆ ಹಿಡಿದು ಎತ್ತುತ್ತಾರಂತೆ. ನಾವು ಎರಡು ಮೂಲೆ ಹಿಡಿದೆವು. ರಾಮಲಕ್ಷ್ಮಮ್ಮ ಎಡಕ್ಕೆ ಹೊರಳಿದಳು. ಬೆನ್ನಿಗೆ ದಿಂಬು ಕೊಟ್ಟೆವು. ಅವಳ ಕಣ್ಣಲ್ಲಿ ನೀರು ಬಂತು, ನನ್ನ ಸೊಂಟವೂ ಚುರ್ರೆಂದಿತು. ಅಂದಿನಿಂದ ಬೆಳಗ್ಗೆ ಆರರಿಂದ ರಾತ್ರಿ ಎಂಟರವರೆಗೆ ದಿನಕ್ಕೆ ಎಂಟು ಸಲ ಹೊರಳಿಸಿದೆವು.

ಹುಣ್ಣು ಹೆಚ್ಚಲಿಲ್ಲ. ವಾಸಿಯೂ ಆಗಲಿಲ್ಲ. ನಾಲ್ಕನೆಯ ದಿನ ನನಗೊಂದು ಯೋಚನೆ ಬಂದು ಊಟ ಸೇರಲಿಲ್ಲ. ನಾವು ಹೊರಳಿಸಿದಷ್ಟೂ ಚಲಪತಿಯ ಸುಳ್ಳು ಗುರುತುಗಳು ನಿಜವಾಗುತ್ತಿದ್ದವು.

"ನಾಲ್ಕು ದಿನ ಬಿಟ್ಟುಬಿಡೋಣ ಅಕ್ಕಯಮ್ಮ. ಆಗ ಎಲ್ಲರಿಗೂ ಗೊತ್ತಾಗತ್ತೆ" ಎಂದೆ.

ಅವಳು ನನ್ನನ್ನು ನೋಡಿದ ನೋಟಕ್ಕೆ ಈಗಲೂ ನಾಚಿಕೆಯಾಗುತ್ತದೆ.

"ಸೊಪ್ಪು ಕಳ್ಳನ್ನ ಹಿಡಿಯೋಕೆ ಹುಳನ ಉಪವಾಸ ಕೆಡವ್ತೀರಾ, ಟೀಚರಮ್ಮ?"

ಅಂದು ಸಂಜೆ ಹೊರಳಿಸಿ ಮುಗಿಸಿದ ಮೇಲೆ ಅವಳು ಬಚ್ಚಲ ಒಲೆಯಿಂದ ಒಂದು ತುಂಡು ಇದ್ದಿಲು ತಂದಳು. ರಾಮಲಕ್ಷ್ಮಮ್ಮನ ಮಂಚದ ಪಕ್ಕದ ಗೋಡೆಯ ಮೇಲೆ ನೆಟ್ಟಗೆ ಒಂದು ಗೀಟು ಎಳೆದಳು. ಹುಳದ ಮನೆಯ ಗೋಡೆಯಲ್ಲಿ ಅವರು ಹೀಗೇ ಬರೆಯುವುದಂತೆ. ಮನೆಯವರು ಸೊಪ್ಪು ಹಾಕಿದರೆ ನೆಟ್ಟ ಗೀಟು, ಕೂಲಿಯವರು ಹಾಕಿದರೆ ಅಡ್ಡ ಗೀಟು, ಹೊತ್ತು ತಪ್ಪಿದರೆ ಸೊನ್ನೆ. ಒಂದು ದಿನಕ್ಕೊಂದು ಸಾಲು. ಚಲಪತಿ ಒಮ್ಮೆ ಅದನ್ನು ನೋಡಿ, ಏನೋ ವ್ರತ ಹಿಡಿದಿದ್ದೀರಾ ಎಂದು ನಕ್ಕು ಹೋದ. ಸುಣ್ಣ ಬಳಿಸಲಿಲ್ಲ, ಪುಣ್ಯ.

ಹತ್ತೊಂಬತ್ತು ಸಾಲು ಆದ ಮೇಲೆ ಬಂದ ಭಾನುವಾರ ಅಕ್ಕಯಮ್ಮ ತಾನೇ ಗಾಲಿಕುರ್ಚಿ ತಳ್ಳಿಕೊಂಡು ಹಾಲ್‌ಗೆ ಹೋದಳು. ಹಿಂದೆ ನಾನು. ಮಾಲಾ ಹಣ್ಣು ಸುಲಿಯುತ್ತಿದ್ದಳು. ಚಲಪತಿ ಮೇಜಿನ ಹಿಂದೆ ಇದ್ದ.

"ಹುಳದ ಮನೆಗೆ ಯಾರನ್ನಮ್ಮ ಬಿಡಲ್ಲ?" ಅಕ್ಕಯಮ್ಮ ಕೇಳಿದಳು.

"ಹೊರಗಿನೋರನ್ನ, ದೊಡ್ಡಮ್ಮ."

"ಸೊಪ್ಪು ಹಾಕೋರನ್ನ?"

ಮಾಲಾ ಹಣ್ಣು ಕೆಳಗಿಟ್ಟಳು. "ಅವರು ಕೈಕಾಲು ತೊಳ್ಕೊಂಡು ಹೋಗ್ತಾರೆ."

"ನೀನು ಹೊರಗಿನೋಳಾ? ಅಗೋ, ಅಲ್ಲಿ ನಲ್ಲಿ ಐತೆ. ರಾ ತಲ್ಲಿ, ಬಾರಮ್ಮ, ತೊಳ್ಕೊ."

ಮಾಲಾ ಎದ್ದು ಹೋಗಿ ಚಪ್ಪಲಿ ಬಿಟ್ಟು, ಮೊಣಕೈವರೆಗೆ, ಮೊಣಕಾಲವರೆಗೆ ತೊಳೆದುಕೊಂಡಳು. ಚಲಪತಿ ಬಾಗಿಲಿಗೆ ಅಡ್ಡ ಬಂದ.

"ಮೇಡಂ, ರೂಲ್ಸ್ ಇದೆ."

"ಅದಕ್ಕೇ ತೊಳ್ಕೊಂಡಿರೋದು ಸಾರ್. ದಾರಿ ಬಿಡಿ."

ಅವಳು ದನಿ ಏರಿಸಲಿಲ್ಲ. ಅವನು ಪಕ್ಕಕ್ಕೆ ಸರಿದ.

ತಾಯಿಯನ್ನು ಮಂಚಕ್ಕೆ ಮಲಗಿಸಿ ಹೊರಳಿಸಿದಳು, ಹುಣ್ಣು ನೋಡಿದಳು, ಬಿಕ್ಕಿ ಬಿಕ್ಕಿ ಅತ್ತಳು. ಕಣ್ಣೊರೆಸಿಕೊಂಡು ತಲೆ ಎತ್ತಿದಾಗ ಗೋಡೆ ಕಂಡಿತು. ಯಾರೂ ಅರ್ಥ ಹೇಳಬೇಕಾಗಲಿಲ್ಲ. ಬೆರಳಿಟ್ಟು ಸಾಲು ಸಾಲಾಗಿ ಓದಿದಳು.

"ಹತ್ತೊಂಬತ್ತು ದಿನದಲ್ಲಿ ಕೂಲಿಯೋರದು ಮೂರೇ ಸಲ. ರಾತ್ರಿ ಪೂರ್ತಿ ಸೊನ್ನೆ" ಎಂದಳು, ಹಿಂದೆಯೇ ಬಂದು ನಿಂತಿದ್ದ ಚಲಪತಿಗೆ. ಆಮೇಲೆ ನಮ್ಮ ಕಡೆ ತಿರುಗಿದಳು. "ಈ ನೆಟ್ಟ ಗೀಟೆಲ್ಲ ಮನೆಯೋರದಲ್ವಾ? ನಾನು ಇರಲೇ ಇಲ್ಲವಲ್ಲ."

"ನಾವಿದ್ವಲ್ಲ" ಎಂದಳು ಅಕ್ಕಯಮ್ಮ.

ಚಲಪತಿ ಹಾಳೆ ಎತ್ತಿಕೊಂಡು ಏನೋ ಹೇಳಲು ಹೋದ. ಮಾಲಾ ಅದನ್ನು ಅವನ ಕೈಯಿಂದ ತೆಗೆದುಕೊಂಡು ಮಡಚಿ ಬ್ಯಾಗಿಗೆ ಹಾಕಿದಳು.

"ಇದು ನನ್ನ ಹತ್ರ ಇರಲಿ. ಡಾಕ್ಟರ್ ಇವತ್ತೇ ಬರಬೇಕು. ರಾತ್ರಿಗೆ ಇನ್ನೊಬ್ಬ ಆಯಾ ಬೇಕು. ಅಲ್ಲೀವರೆಗೂ ದಿನಾ ನಾನೇ ಬಂದು ಇರ್ತೀನಿ. ಬೇರೆಯೋರ ಮಕ್ಕಳಿಗೂ ಕಾಲು ತೊಳ್ಕೊಂಡು ಒಳಗೆ ಬನ್ನಿ ಅಂತ ನಾನೇ ಹೇಳ್ತೀನಿ."

ಡಾಕ್ಟರು ಅಂದೇ ಬಂದರು. ಮಾಲಾ ಐದು ರಾತ್ರಿ ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗಿದಳು. ಆರನೆಯ ದಿನ ರಾತ್ರಿಗೊಬ್ಬಳು ಆಯಾ ಬಂದಳು. ನಲ್ಲಿಯ ಹತ್ತಿರ ಈಗ ಭಾನುವಾರ ಸಾಲು ನಿಲ್ಲುತ್ತದೆ. ಹುಣ್ಣಿನ ಅಂಚು ಕೂಡಿಕೊಳ್ಳುತ್ತಿದೆ.

ಮೊನ್ನೆ ಮಧ್ಯಾಹ್ನ ಎರಡು ಗಂಟೆಗೆ ನಾವು ಏಳುವ ಮೊದಲೇ ಅಮೃತ ಬಂದಳು. ದುಪ್ಪಟಿ ಎತ್ತಿ ಹಿಡಿದು, ಎಳೆಯದೆ, ರಾಮಲಕ್ಷ್ಮಮ್ಮನನ್ನು ಹೊರಳಿಸಿ ದಿಂಬು ಕೊಟ್ಟಳು. ಆಮೇಲೆ ಕಿಟಕಿಯ ಮೇಲಿದ್ದ ಇದ್ದಿಲು ತೆಗೆದುಕೊಂಡು ಗೋಡೆಯ ಮುಂದೆ ನಿಂತಳು.

"ಯಾವ ಗೀಟು ಹಾಕಲಿ ಅಜ್ಜಿ?"

ಅಕ್ಕಯಮ್ಮ ಗೋಡೆಯ ಸಾಲುಗಳ ಮೇಲೆ ಒಮ್ಮೆ ಕಣ್ಣು ಹಾಯಿಸಿದಳು.

"ಸದ್ಯಕ್ಕೆ ಅಡ್ಡ ಗೀಟೇ ಹಾಕಮ್ಮ. ನೆಟ್ಟಗಿನದು ಮುಂದೆ ನೋಡೋಣ."